ಪದವಿನ ಗಾಲ್ಫಿಗೆ ಯಾವ ಬಂಕರ್ ಬಾಳುತ್ತದೆ? ಕಾಸರಗೋಡಿನ ಮಳೆಯ ಲೆಕ್ಕದಲ್ಲಿ ಒಂದು ವಿಮರ್ಶೆ

ಕಾಸರಗೋಡು ಜಿಲ್ಲೆಯ ಪದವುಗಳಲ್ಲಿ (ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಸಮತಟ್ಟು ಗುಡ್ಡೆಗಳಲ್ಲಿ) ಗಾಲ್ಫ್ ಕೋರ್ಸ್ ಮಾಡಹೊರಟವರಿಗೆ ನೇರ ಉತ್ತರ ಬೇಕಿದ್ದರೆ ಇದು: ತಳ ಸಮತಟ್ಟಾಗಿದ್ದು ಬದಿಗೆಲ್ಲ ಹುಲ್ಲು ಇಳಿದಿರುವ ಬಂಕರ್ (ಆಟಕ್ಕೆ ಅಡ್ಡಿಯಾಗಿ ಮಾಡುವ ಮರಳಿನ ಗುಂಡಿ) ಆರಿಸಿ, ಮರಳಿನ ಅಡಿಗೆ ಅಂಟಿನಿಂದ ಬಿಗಿದ ಬೇಬಿ ಜಲ್ಲಿಯ (ಸಣ್ಣ ಜಲ್ಲಿಯ) 50 ಮಿ.ಮೀ. ದಪ್ಪ ಪದರ ಕೊಡಿ, ಬಂಕರುಗಳ ಸಂಖ್ಯೆ ಕಡಿಮೆ ಇಡಿ. ಉಳಿದ ಶೈಲಿಗಳಲ್ಲಿ ಕೆಲವು ನೋಡಲು ಇದಕ್ಕಿಂತ ಚೆಂದ, ಒಂದೆರಡು ಆಟಕ್ಕೂ ಹೆಚ್ಚು ರುಚಿ ಕೊಡುತ್ತವೆ. ಆದರೆ ಅವು ಹುಟ್ಟಿದ ಊರುಗಳಲ್ಲಿ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಇಲ್ಲ.

ಇಲ್ಲಿ ವರ್ಷಕ್ಕೆ ಸರಾಸರಿ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಮುಗಿಯುತ್ತದೆ. ಬಂಕರಿನ ಶೈಲಿಯನ್ನು ಫೋಟೋ ನೋಡಿ ಆರಿಸುವ ಮೊದಲು ಒಂದು ಗುಣಾಕಾರ ಮಾಡಿಕೊಳ್ಳಬೇಕು. 100 ಚದರ ಮೀಟರಿನ ಬಂಕರಿನ ಮೇಲೆ ಗಂಟೆಗೆ 50 ಮಿ.ಮೀ. ಮಳೆ ಹೊಯ್ದರೆ ಬೀಳುವ ನೀರು 5,000 ಲೀಟರ್, ಅಂದರೆ ಸೆಕೆಂಡಿಗೆ ಒಂದೂವರೆ ಲೀಟರಿನಷ್ಟು. ಶೇಕಡಾ 1 ಇಳಿಜಾರಿನಲ್ಲಿ ಮಲಗಿಸಿದ 100 ಮಿ.ಮೀ. ಸುಕ್ಕು ಪೈಪು ತುಂಬಿ ಹರಿದಾಗ ಸೆಕೆಂಡಿಗೆ ಸುಮಾರು 4 ಲೀಟರ್ ಒಯ್ಯುತ್ತದೆ. ಇಲ್ಲಿಯವರೆಗೆ ತೊಂದರೆಯಿಲ್ಲ. ಈಗ ಹಿಂದಿನ ಗುಡ್ಡೆಯ 300 ಚದರ ಮೀಟರ್ ನೀರೂ ಅದೇ ಬಂಕರಿಗೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು ಸೆಕೆಂಡಿಗೆ ಐದೂವರೆ ಲೀಟರ್ ಆಯಿತು, ಪೈಪು ಸೋತಿತು. ಮುರಕಲ್ಲಿನ ಗಟ್ಟಿ ಮೇಲ್ಮೈಯಲ್ಲಿ ಸ್ವಲ್ಪ ಇಂಗಿದರೂ ಹೆಚ್ಚಿನದು ಹರಿದೇ ಬರುತ್ತದೆ. ಬಂಕರ್ ಹಾಳಾಗುವುದಕ್ಕೆ ಅದರೊಳಗೆ ಬಿದ್ದ ಮಳೆಗಿಂತ ಹೊರಗಿನಿಂದ ನುಗ್ಗಿದ ನೀರು ದೊಡ್ಡ ಕಾರಣ. ಈ ಮಾತನ್ನು ಒಪ್ಪಿಕೊಂಡವರಿಗೆ ಶೈಲಿಯ ಆಯ್ಕೆ ಅರ್ಧ ಮುಗಿದಂತೆ.

ಇನ್ನರ್ಧ ನೆಲದ್ದು. ಪದವಿನ ಮೇಲೆ ಗಟ್ಟಿ ಮುರ, ಅದರಡಿ ಮೆತ್ತಗಿನ ಮುರ, ಕೆಳಗೆ ಬಿಳಿ ಅಥವಾ ನಸುಗೆಂಪು ಸೇಡಿ ಮಣ್ಣು. ಮುರದ ತೂತುಗಳಲ್ಲಿ ನೀರು ಬೇಗ ಇಳಿಯುತ್ತದೆ, ಸೇಡಿಯ ಮೇಲೆ ನಿಲ್ಲುತ್ತದೆ, ಅಲ್ಲಿಂದ ಅಡ್ಡಕ್ಕೆ ದಾರಿ ಹುಡುಕುತ್ತದೆ. ಗುಡ್ಡೆಗೆ ಅಡ್ಡ ಕೊರೆದ ನಮ್ಮ ಸುರಂಗಗಳಿಗೆ ನೀರು ಬರುವುದೂ ಹೀಗೇ. ಆದ್ದರಿಂದ ಮೇ ತಿಂಗಳಲ್ಲಿ ಅಗೆದು ನೋಡಿ ‘ಇಲ್ಲಿ ನೀರೆಲ್ಲ ಇಂಗುತ್ತದೆ, ಪೈಪ್ ಯಾಕೆ’ ಎನ್ನುವ ಗುತ್ತಿಗೆದಾರರ ಮಾತು ಜುಲೈಯಲ್ಲಿ ಉಳಿಯುವುದಿಲ್ಲ. ಆಗ ಕೆಳಗಿನ ಪದರ ತುಂಬಿರುತ್ತದೆ. ಇಂಗುಗುಂಡಿಗೆ ಬಿಟ್ಟ ಬಂಕರ್ ಪೈಪು ಹಿಮ್ಮುಖವಾಗಿ ಬಂಕರನ್ನೇ ತುಂಬಿಸುತ್ತದೆ.

ಮರಳು ಏರಿಸಿದ ಶೈಲಿ

ಪತ್ರಿಕೆಗಳ ಮುಖಪುಟದಲ್ಲಿ ಕಾಣುವುದು ಇದೇ. ತಳದಿಂದ ಹಿಂಬದಿಯ ಅಂಚಿನವರೆಗೆ ಮರಳನ್ನು ಏರಿಸಿ ಹಚ್ಚಿರುತ್ತಾರೆ, ದೂರದಿಂದಲೇ ಬೆಳ್ಳಗೆ ಹೊಳೆಯುತ್ತದೆ. ಅಂಚು ಒಳಗೊಮ್ಮೆ ಹೊರಗೊಮ್ಮೆ ಬಳುಕುತ್ತದೆ. ಅಲಿಸ್ಟರ್ ಮೆಕೆಂಝಿ ಇದರ ದೊಡ್ಡ ಕಲೆಗಾರ. ಅವರು ವೃತ್ತಿಯಲ್ಲಿ ವೈದ್ಯರು, ಬೋಯರ್ ಯುದ್ಧದ ಕಾಲದಲ್ಲಿ ಸೈನಿಕರು ನೆಲದಲ್ಲಿ ಅಡಗುವ ಬಗೆಯನ್ನು ಗಮನಿಸಿ ಆ ಪಾಠವನ್ನು ಬಂಕರಿಗೆ ತಂದವರು. 1926ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಮೇಲೆ ರಾಯಲ್ ಮೆಲ್ಬರ್ನ್‌ನಲ್ಲಿ ಮೂಡಿದ ಬಂಕರುಗಳು ಇಂದಿಗೂ ಮಾದರಿ. ಆದರೆ ಅಲ್ಲಿಯದು ಆಳದವರೆಗೂ ಮರಳು ನೆಲ. ಬಿದ್ದ ನೀರು ಬಿದ್ದಲ್ಲೇ ಮಾಯವಾಗುತ್ತದೆ.

ಮುರದ ನೆಲದಲ್ಲಿ ಅದನ್ನೇ ಮಾಡಿದರೆ ಆಗುವುದು ಹೀಗೆ. ಸಮತಲಕ್ಕೆ 20–25 ಡಿಗ್ರಿ ದಾಟಿ ಏರಿಸಿದ ಮರಳು ಜೋರು ಮಳೆಯ ಮೊದಲ ಕಾಲು ಗಂಟೆಯಲ್ಲೇ ನಾಲೆ ಕೊರೆಯಲು ತೊಡಗುತ್ತದೆ. ಮರಳು ತಳಕ್ಕೆ ಜಾರಿ ಅಲ್ಲಿ 250 ಮಿ.ಮೀ. ದಪ್ಪವಾಗುತ್ತದೆ, ಮೇಲೆ ಕೆಂಪು ಮಣ್ಣು ಬತ್ತಲೆಯಾಗುತ್ತದೆ. ಮುಂದಿನ ಮಳೆಗೆ ಆ ಕೆಂಪು ಮಣ್ಣೇ ತೊಳೆದು ಮರಳಿಗೆ ಬೆರೆಯುತ್ತದೆ. ಆಳುಗಳು ಸಲಿಕೆಯಲ್ಲಿ ಮರಳನ್ನು ಮತ್ತೆ ಮೇಲಕ್ಕೆ ತಳ್ಳುವಾಗ ಬೆರಕೆ ಇನ್ನೂ ಹೆಚ್ಚುತ್ತದೆ. ನಿಜವಾದ ನಷ್ಟ ಇದು. ಕೂಲಿ ಒಂದು ದಿನದ್ದು, ಕೆಟ್ಟ ಮರಳು ಶಾಶ್ವತ. ಅಮೆರಿಕದ ಗಾಲ್ಫ್ ಕೋರ್ಸ್ ವಿನ್ಯಾಸಕಾರರ ಸಂಘ ಬಂಕರ್ ಮರಳಿನ ಬಾಳಿಕೆಯನ್ನು 5ರಿಂದ 7 ವರ್ಷ ಎಂದು ಲೆಕ್ಕ ಹಾಕುತ್ತದೆ. ಇಲ್ಲಿ ಲೈನರ್ (ಮರಳಿಗೂ ಮಣ್ಣಿಗೂ ನಡುವಿನ ಹಾಸು) ಇಲ್ಲದೆ ಏರಿಸಿದ ಮರಳು ಎರಡು ಮಳೆಗಾಲ ಕಳೆದರೆ ದೊಡ್ಡದು. ಒಳ್ಳೆಯ ಲೈನರ್ ಹಾಕಿ ಏರಿಸಬಹುದು, ನಿಲ್ಲುತ್ತದೆ. ಆದರೂ ದಿನಕ್ಕೆ 115 ಮಿ.ಮೀ. ದಾಟುವ ಮಳೆಗಳು ಸಾಲಾಗಿ ಬರುವ ಜಿಲ್ಲೆಯಲ್ಲಿ ಈ ಶೈಲಿಯನ್ನು ಇಡೀ ಕೋರ್ಸಿಗೆ ಶಿಫಾರಸು ಮಾಡಲಾಗದು. ಕ್ಲಬ್ ಹೌಸಿನ ಎದುರಿನ ಒಂದೇ ಒಂದು ಗ್ರೀನ್‌ಗೆ (ಗುಳಿಯ ಸುತ್ತಲಿನ ನಯವಾದ ಹುಲ್ಲುಹಾಸಿಗೆ), ನೋಟಕ್ಕಾಗಿ, ಬೇಕಿದ್ದರೆ ಸರಿ.

ಹುಲ್ಲಿನ ಬದಿ, ಚಪ್ಪಟೆ ತಳ

ಕೋರ್ಸ್ ವಿನ್ಯಾಸಕಾರ ಸೆತ್ ರೇನರ್ ಗಾಲ್ಫಿಗೆ ಬರುವ ಮೊದಲು ಸಿವಿಲ್ ಎಂಜಿನಿಯರ್. ಅವರ ಬಂಕರುಗಳಲ್ಲಿ ಎಂಜಿನಿಯರನ ಕೈ ಕಾಣುತ್ತದೆ: ಮರಳು ಕೆಳಗೆ ಚಪ್ಪಟೆಯಾಗಿ ಮಲಗಿದೆ, ಎತ್ತರವನ್ನೆಲ್ಲ ಹುಲ್ಲಿನ ದರೆ ಹೊತ್ತಿದೆ. ಹರಿಯುವ ನೀರಿಗೆ ಹುಲ್ಲು ಸಿಗುತ್ತದೆ, ಮರಳು ಸಿಗುವುದಿಲ್ಲ. ಕರಾವಳಿಗೆ ಇದಕ್ಕಿಂತ ಹೊಂದುವ ವಿನ್ಯಾಸ ಇನ್ನೊಂದಿಲ್ಲ.

ಅಳತೆ ಹೀಗಿದ್ದರೆ ಕೆಲಸ ನಡೆಯುತ್ತದೆ. ಗ್ರೀನ್ ಪಕ್ಕದ ಬಂಕರಿಗೆ ಆಳ 0.9ರಿಂದ 1.2 ಮೀಟರ್, ಫೇರ್‌ವೇ (ಗ್ರೀನ್‌ವರೆಗಿನ ಆಟದ ದಾರಿ) ಬಂಕರಿಗೆ ಅದರ ಅರ್ಧ ಸಾಕು. ಫೇರ್‌ವೇಯಲ್ಲಿ ಆಳ ಜಾಸ್ತಿಯಾದರೆ ಮಧ್ಯಮ ದೂರಕ್ಕೆ ಹೊಡೆಯುವ ಐರನ್ ಕೋಲು ಹಿಡಿದವನಿಗೂ ಮುಂದೆ ಹೋಗುವ ಹೊಡೆತವೇ ಉಳಿಯುವುದಿಲ್ಲ. ಹುಲ್ಲಿನ ಬದಿಯ ಇಳಿಜಾರು ಎರಡಕ್ಕೆ ಒಂದು, ಅಂದರೆ 27 ಡಿಗ್ರಿಗಿಂತ ಕಡಿದಾಗಬಾರದು. ಎರಡೂವರೆಗೆ ಒಂದು ಇನ್ನೂ ಒಳ್ಳೆಯದು. ಸವಾರಿ ಮೊವರ್ ಓಡಬೇಕಾದರೆ ಮೂರಕ್ಕೆ ಒಂದು ಬೇಕು, ಇಲ್ಲವಾದರೆ ತೋಟದಲ್ಲಿ ಕಳೆ ಕೊಚ್ಚುವ ಮೆಶಿನ್ನೇ ಗತಿ. ಮೆಶಿನ್ನಿನಲ್ಲಿ ಕೊಚ್ಚಿದ ಬದಿ ಗಿಡ್ಡ-ಉದ್ದವಾಗಿ ಕಾಣುತ್ತದೆ, ಆದರೆ ಆಟಕ್ಕೆ ಬಾಧಕವಿಲ್ಲ. ತಳ ಕಣ್ಣಿಗೆ ಚಪ್ಪಟೆ, ಲೆಕ್ಕಕ್ಕೆ ಪೈಪಿನ ಕಡೆಗೆ ಶೇಕಡಾ 2–3 ಇಳುಕಲು. ಹುಲ್ಲು ಮರಳಿಗೆ ಸೇರುವಲ್ಲಿ 75ರಿಂದ 100 ಮಿ.ಮೀ. ನೆಟ್ಟಗಿನ ಅಂಚು ಇರಲಿ, ಚೆಂಡು ಉರುಳಿ ಸುಲಭದಲ್ಲಿ ಹೊರಗೆ ಬರಬಾರದು. ಒಂದು ಕಡೆ ತಗ್ಗು ಬಾಗಿಲು ಬಿಡುವುದನ್ನು ಮರೆಯಬೇಡಿ. ವಯಸ್ಸಾದ ಆಟಗಾರರು ಮಳೆಗೆ ಒದ್ದೆಯಾದ 27 ಡಿಗ್ರಿ ಹುಲ್ಲಿನ ಮೇಲೆ ಇಳಿದರೆ ಜಾರುತ್ತಾರೆ.

ಹುಲ್ಲು ಯಾವುದು? ಗರಿಕೆಯೇ. ಕೋರ್ಸಿಗೆ ತಂದ ಬರ್ಮುಡಾ ತಳಿಗಳೂ ಗರಿಕೆಯ ಬಳಗದವೇ. ಮೇಲಿನ ಹೊರ ಅಂಚಿನಲ್ಲಿ ಮಣ್ಣು ಹಿಡಿಯಲು ಒಂದು ಸಾಲು ಲಾವಂಚ ನೆಟ್ಟರೆ ಬೇರು ಆಳಕ್ಕೆ ಇಳಿಯುತ್ತದೆ. ಆದರೆ ಆಟದ ದಾರಿಯಲ್ಲಿ ನೆಡಬೇಡಿ, ಅದರ ಬುಡದಲ್ಲಿ ಸಿಕ್ಕಿದ ಚೆಂಡನ್ನು ಹೊಡೆಯಲಾಗದು. ಗರಿಕೆಯ ದೋಷವೂ ಗೊತ್ತಿರಲಿ: ಅದು ಮರಳಿನೊಳಗೆ ಓಡುತ್ತದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಅಂಚು ಕತ್ತರಿಸದಿದ್ದರೆ ಒಂದೇ ಸೀಸನ್ನಿನಲ್ಲಿ ಬಂಕರ್ ಒಂದು ಅಡಿ ಕಿರಿದಾದಂತೆ ಕಾಣುತ್ತದೆ.

ಹೊಸ ಹುಲ್ಲಿನ ಬದಿ ಮೊದಲ ಮಳೆಗೆ ಜರಿಯದಂತೆ ಕಾಪಾಡಲು ಕೇರಳದಲ್ಲಿ ಎಲ್ಲೆಡೆ ಸಿಗುವ ತೆಂಗಿನ ನಾರಿನ ಭೂವಸ್ತ್ರ ಬಹಳ ಒಳ್ಳೆಯ ಸಾಮಗ್ರಿ. ತೋಡಿನ ದಂಡೆಗೆ ಹಾಸುವುದನ್ನು ಎಲ್ಲರೂ ನೋಡಿದ್ದೇವೆ. ಮೇಲಂಚನ್ನು 200 ಮಿ.ಮೀ. ಆಳದ ಚರಂಡಿಯಲ್ಲಿ ಹೂತು, ಒಂದರ ಮೇಲೊಂದು 150 ಮಿ.ಮೀ. ಹೊದಿಸಿ, ಬಿದಿರಿನ ಗೂಟ ಹೊಡೆದು, ಕಣ್ಣುಗಳಲ್ಲಿ ಗರಿಕೆ ತುಂಡು ನೆಡಬೇಕು. ಬೇರು ಹಿಡಿದ ಮೇಲೆ ನಾರು ಕೊಳೆತರೂ ಚಿಂತೆಯಿಲ್ಲ. ಆದರೆ ಇದನ್ನೇ ಮರಳಿನಡಿಗೆ ಲೈನರ್ ಆಗಿ ಹಾಸಬಾರದು. ಸದಾ ಒದ್ದೆಯಲ್ಲಿ ಎರಡು ಮೂರು ವರ್ಷಕ್ಕೆ ಕೊಳೆತು ಹೂಳಾಗಿ ಪೈಪಿನ ಜಲ್ಲಿ ಕಟ್ಟುತ್ತದೆ.

ಮಡಕೆ ಬಂಕರ್ ಮತ್ತು ಹುಲ್ಲಿನ ಇಟ್ಟಿಗೆಯ ಗೋಡೆ

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸಿನ 112 ಬಂಕರುಗಳಲ್ಲಿ ಹೆಚ್ಚಿನವು ಈ ಜಾತಿಯವು. 17ನೇ ಹೋಲಿನ ರೋಡ್ ಬಂಕರ್ ಜಗತ್ಪ್ರಸಿದ್ಧ. ಮಣ್ಣು ಸಮೇತ ಕತ್ತರಿಸಿದ ಹುಲ್ಲಿನ ಹಲ್ಲೆಗಳನ್ನು ಒಂದರ ಮೇಲೊಂದು, ಪ್ರತಿ ಸಾಲನ್ನೂ ತುಸು ಹಿಂದಕ್ಕೆ ಸರಿಸಿ ಪೇರಿಸುತ್ತಾರೆ. ಚಿಕ್ಕದು, ಆಳದ್ದು, ಗಾಳಿಗೆ ಮರಳು ಹಾರದಂತೆ ಹುಟ್ಟಿದ್ದು. ಆಟದ ದೃಷ್ಟಿಯಿಂದ ಇದಕ್ಕೆ ಪೂರ್ಣ ಅಂಕ: ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಯೋಚನೆ ಹುಟ್ಟಿಸುವ ಬಂಕರ್ ಬೇರೆ ಇಲ್ಲ. ಸುತ್ತಲಿನ ನೆಲವೆಲ್ಲ ಅದರ ಕಡೆಗೆ ಬಾಗಿರುವುದರಿಂದ ಎರಡು ಮೀಟರ್ ಆಚೆ ಬಿದ್ದ ಚೆಂಡೂ ಒಳಗೆ ಸೇರುತ್ತದೆ. ಆ ಗುಣವೇ ಇಲ್ಲಿ ಅವಗುಣ, ಏಕೆಂದರೆ ಸುತ್ತಲಿನ ನೀರೂ ಒಳಗೆ ಸೇರುತ್ತದೆ.

ಸ್ಕಾಟ್ಲೆಂಡಿನ ತಂಪಿನಲ್ಲೇ ಆ ಗೋಡೆಗಳನ್ನು ಕೆಲವೇ ವರ್ಷಕ್ಕೊಮ್ಮೆ ಕಟ್ಟಿ ಹೊಸದು ಮಾಡಬೇಕು. ನಮ್ಮಲ್ಲಿ ಒಳಗಿನ ಸತ್ತ ಹಲ್ಲೆಗಳಿಗೆ ಗೆದ್ದಲು ಹಿಡಿಯುತ್ತದೆ, ಹೆಗ್ಗಣ ಬಿಲ ತೋಡುತ್ತದೆ, ಬೇಸಿಗೆಯಲ್ಲಿ ಪಡುವಣ ಬಿಸಿಲಿಗೆ ಮುಖ ಒಣಗುತ್ತದೆ, ಜುಲೈಯಲ್ಲಿ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿ ಗೋಡೆ ಹೊಟ್ಟೆ ಬಿಟ್ಟು ಜರಿಯುತ್ತದೆ. ನೈಸರ್ಗಿಕ ಹುಲ್ಲಿನ ಗೋಡೆ ಕಾಸರಗೋಡಿಗೆ ಬೇಡವೇ ಬೇಡ.

ಕೃತಕ ಹುಲ್ಲಿನ ಗೋಡೆ ಬೇರೆ ಮಾತು. ಬ್ರಿಟನ್ನಿನ ಇಕೋಬಂಕರ್ ಮತ್ತು ಡ್ಯುರಾಬಂಕರ್ ಈ ದಾರಿಯಲ್ಲಿ ಹೆಸರು ಮಾಡಿದ ಉತ್ಪನ್ನಗಳು. ಬಳಸಿದ ಕ್ರೀಡಾಂಗಣದ ಕೃತಕ ಹುಲ್ಲನ್ನು ಪಟ್ಟಿಗಳಾಗಿ ಕತ್ತರಿಸಿ ಪೇರಿಸುವ ತಂತ್ರ ಅದು. ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಕಾಸರಗೋಡಿನಿಂದ ಉಪ್ಪಳದವರೆಗೆ ಫುಟ್‌ಬಾಲ್ ಟರ್ಫುಗಳು ಇರುವಾಗ ಹಳೆಯ ಹಾಸು ಇಲ್ಲಿಯೇ ಹುಡುಕಬಹುದು. ಪ್ರಮಾಣ ತಿಳಿದಿರಲಿ: 1 ಮೀಟರ್ ಎತ್ತರ, 10 ಮೀಟರ್ ಉದ್ದದ ಗೋಡೆಗೆ 300 ಮಿ.ಮೀ. ಅಗಲದ ಪಟ್ಟಿ ಬಳಸಿ, ಒತ್ತಿದ ಮೇಲೆ ಒಂದು ಪದರ 25 ಮಿ.ಮೀ. ಎಂದಿಟ್ಟರೆ 40 ಪದರ, ಒಟ್ಟು 120 ಚದರ ಮೀಟರ್ ಹಾಸು. ಬುಡದಲ್ಲಿ 150 ಮಿ.ಮೀ. ದಮ್ಮಸು ಮಾಡಿದ ಜಲ್ಲಿ, ಬೆನ್ನ ಹಿಂದೆ 150–200 ಮಿ.ಮೀ. ಅಗಲದ ಜಲ್ಲಿಯ ಪಟ್ಟಿ, ಅದರ ಕಾಲಿಗೆ ಪೈಪು. ಬೆನ್ನಿನ ಈ ಜಲ್ಲಿಯನ್ನು ಉಳಿತಾಯಕ್ಕಾಗಿ ಬಿಟ್ಟರೆ ಕೃತಕ ಗೋಡೆಯೂ ಹೊಟ್ಟೆ ಬಿಡುತ್ತದೆ. ನಿಯಮದ ಒಂದು ಅಂಶ ಆಟಗಾರರಿಗೆ ಹೇಳಿ ಬರೆದು ಹಾಕಬೇಕು: 2019ರ ನಿಯಮಾವಳಿಯಂತೆ ಬಂಕರಿನ ಅಂಚಿನಲ್ಲಿರುವ ಮಣ್ಣಿನ, ಹುಲ್ಲಿನ, ಪೇರಿಸಿದ ಹಲ್ಲೆಯ ಅಥವಾ ಕೃತಕ ವಸ್ತುವಿನ ಗೋಡೆ ಬಂಕರಿನ ಭಾಗವಲ್ಲ. ಅಲ್ಲಿ ಸಿಕ್ಕಿದ ಚೆಂಡಿಗೆ ಬಂಕರಿನ ನಿರ್ಬಂಧಗಳು ಅನ್ವಯಿಸುವುದಿಲ್ಲ.

ಮುರಕಲ್ಲಿನಿಂದಲೇ ಗೋಡೆ ಕಟ್ಟುವ ಆಸೆ ಇಲ್ಲಿ ಸಹಜವಾಗಿ ಬರುತ್ತದೆ. ಅಮೆರಿಕದ ಕೋರ್ಸ್ ವಿನ್ಯಾಸಕಾರ ಪೀಟ್ ಡೈ ರೈಲ್ವೇ ಸ್ಲೀಪರುಗಳನ್ನು ನಿಲ್ಲಿಸಿದ ಚಿತ್ರ ನೋಡಿದವರು ಕಲ್ಲನ್ನು ಯಾಕೆ ನಿಲ್ಲಿಸಬಾರದು ಎಂದು ಕೇಳುತ್ತಾರೆ. ಚೆಂಡು ಕಲ್ಲಿಗೆ ಬಡಿದು ಹೊಡೆದವನ ಮುಖಕ್ಕೇ ಹಿಂದಿರುಗಬಹುದು, ಅದಕ್ಕೇ ಬೇಡ. ಬಿಟ್ಟುಹೋದ ಕಲ್ಲಿನ ಕೋರೆಯನ್ನು ಸಿದ್ಧ ಬಂಕರ್ ಎಂದು ನೋಡುವುದೂ ತಪ್ಪು. ಅದನ್ನು ಒಳಹಾಸು ಹಾಕಿ ನೀರಿನ ಕೊಳ ಮಾಡಿದರೆ ಜನವರಿಯಿಂದ ಮೇವರೆಗಿನ ನೀರಾವರಿಗೆ ಅದೇ ಆಧಾರ.

ಬರಡು ಮರಳು ಮತ್ತು ಹುಲ್ಲು ಗುಂಡಿ

ಕಟ್ಟದೆ, ಗೀರದೆ, ಇದ್ದ ಹಾಗೆ ಬಿಡುವ ಬರಡು ಪ್ರದೇಶ ಪದವಿಗೆ ಚೆನ್ನಾಗಿ ಒಪ್ಪುತ್ತದೆ. ಗರಸು ನೆಲ, ನಡುವೆ ಮುಳಿಹುಲ್ಲಿನ ಗುಂಪುಗಳು. ನಿಯಮದ ಪ್ರಕಾರ ಇದು ಬಂಕರ್ ಅಲ್ಲ, ಕ್ಲಬ್ಬನ್ನು (ಹೊಡೆಯುವ ಕೋಲನ್ನು) ನೆಲಕ್ಕೆ ತಾಗಿಸಬಹುದು, ಕುಂಟೆ ಬೇಕಿಲ್ಲ. ಮುರದ ಹರಳು ಕ್ಲಬ್ಬಿನ ಮುಖ ಗೀರುತ್ತದೆ ಎಂಬ ದೂರು ಬರುತ್ತದೆ, ಅದಕ್ಕೆ ದಪ್ಪ ಕಲ್ಲು ಹೆಕ್ಕಿ 50 ಮಿ.ಮೀ. ದಪ್ಪ ಮರಳು ಎರಚಿದರೆ ಸಾಕು. ಒಂದು ಕೋರಿಕೆ ಮಾತ್ರ: ಮಳೆಗಾಲದಲ್ಲಿ ಬಂಡೆಯ ಮೇಲೆ ತೆಳ್ಳಗೆ ನೀರು ನಿಂತು ಓಣಂ ಹೊತ್ತಿಗೆ ನೀಲಿ ಕಾಕ್ಕಪೂ ಅರಳುವ ಜಾಗಗಳನ್ನು ಜೇಸಿಬಿಯಿಂದ ಹೆರೆಯಬೇಡಿ. ಆ ಗಿಡಗಳಿಗೆ ಬೇಕಾದ ತೆಳು ಮಣ್ಣು ಒಮ್ಮೆ ಹೋದರೆ ಮತ್ತೆ ಹುಟ್ಟಿಸಲಾಗದು. ವಿನ್ಯಾಸದಲ್ಲಿ ಅವನ್ನು ಆಟದ ದಾರಿಯಿಂದ ಹೊರಗೆ ಇಡುವುದು ಕಷ್ಟದ ಕೆಲಸವೇನಲ್ಲ.

ಮರಳೇ ಇಲ್ಲದ ಹುಲ್ಲು ಗುಂಡಿ ಅಗ್ಗ, ನಿರ್ವಹಣೆ ಸುಲಭ, ಕಾಡುಹಂದಿ ಕೆರೆದರೂ ದುರಸ್ತಿ ಬೇಗ. ಆದರೆ ಅದರ ತಳಕ್ಕೂ ಪೈಪು ಬೇಕೇಬೇಕು.

ಲೈನರುಗಳಲ್ಲಿ ಯಾವುದು?

ನೇಯದ ಜಿಯೋಟೆಕ್ಸ್‌ಟೈಲ್ ಬಟ್ಟೆ ಎಲ್ಲಕ್ಕಿಂತ ಸುಲಭದಲ್ಲಿ ಸಿಗುತ್ತದೆ. ಹಾಸಿ, ಮೊಳೆ ಹೊಡೆದು, ಮರಳು ಸುರಿದರೆ ಆಯಿತು. ಒಂದೆರಡು ವರ್ಷ ಚೆನ್ನಾಗಿ ನಡೆಯುತ್ತದೆ. ಅನಂತರ ಮರಳು ತೆಳ್ಳಗಾದಲ್ಲಿ ಕುಂಟೆಯ ಹಲ್ಲು ಬಟ್ಟೆಗೆ ಸಿಕ್ಕಿ ಹರಿಯುತ್ತದೆ, ಕ್ಲಬ್ ಸಿಕ್ಕಿದರೆ ಮಣಿಕಟ್ಟಿಗೆ ಪೆಟ್ಟು, ಮೊಳೆ ಮೇಲೆದ್ದರೆ ಮೊವರಿನ ಬ್ಲೇಡಿಗೆ. ಇಲ್ಲಿಯ ಸಣ್ಣ ಕೆಂಪು ಜೇಡಿ ಬಟ್ಟೆಯ ರಂಧ್ರ ಮುಚ್ಚಿ ಬಂಕರ್ ಬಾಣಲೆಯಾಗುತ್ತದೆ. ದಪ್ಪ ರೋಮದ ಸ್ಯಾಂಡ್‌ಟ್ರ್ಯಾಪರ್‌ನಂಥವು ಮರಳನ್ನು ಹೆಚ್ಚು ಹಿಡಿಯುತ್ತವೆ, ಆದರೆ ಕಟ್ಟಿಕೊಳ್ಳುವ ಭಯ ಅವಕ್ಕೂ ಇದೆ.

ಬೆಟರ್ ಬಿಲ್ಲಿ ಬಂಕರ್ ಈ ಸಮಸ್ಯೆಯಿಂದಲೇ ಹುಟ್ಟಿದ್ದು. ಆಗಸ್ಟಾ ನ್ಯಾಷನಲ್‌ನ ಮೈದಾನ ನೋಡಿಕೊಂಡಿದ್ದ ಬಿಲ್ಲಿ ಫುಲ್ಲರ್ ತಳಕ್ಕೆಲ್ಲ 2 ಇಂಚು ಜಲ್ಲಿ ಹರಡಿ ಮೇಲೆ ಬಟ್ಟೆ ಹಾಸುತ್ತಿದ್ದರು. ಮುಂದೆ ಬಟ್ಟೆ ತೆಗೆದು ಜಲ್ಲಿಯ ಮೇಲೆ ಪಾಲಿಮರ್ ಸಿಂಪಡಿಸುವ ಕ್ರಮ ಬಂತು. ಜಲ್ಲಿ ಅಲುಗುವುದಿಲ್ಲ, ನೀರು ತಡೆಯಿಲ್ಲದೆ ಇಳಿಯುತ್ತದೆ. ನಮ್ಮ ಮಳೆಗೆ ಪರಿಕಲ್ಪನೆಯಾಗಿ ಇದೇ ಮೊದಲ ಆಯ್ಕೆ. ತೊಡಕು ಎರಡು. ಜಲ್ಲಿ ಪೂರ್ತಿ ಒಣಗಿರಬೇಕು, ಸಿಂಪಡಿಸಿದ ಮೇಲೂ ಗಟ್ಟಿಯಾಗುವ ತನಕ ಒಣಹವೆ ಬೇಕು, ಅಂದರೆ ತುಲಾವರ್ಷದ (ಅಕ್ಟೋಬರ್-ನವೆಂಬರ್ ಮಳೆಯ) ಗುಡುಗು ಮುಗಿದು ಡಿಸೆಂಬರ್ ಹಿಡಿದ ಮೇಲೆಯೇ ಕೈ ಹಾಕಬೇಕು. ಮತ್ತು ಜಲ್ಲಿ 6–10 ಮಿ.ಮೀ. ಆಗಿರಬೇಕು, ತೊಳೆದಿರಬೇಕು, ಕರಿಕಲ್ಲಿನದ್ದಾಗಿರಬೇಕು. ಮನೆ ಕಟ್ಟುವ 20 ಮಿ.ಮೀ. ಜಲ್ಲಿ ತಂದು ಇಳಿಸಿದರೆ ಲಾರಿ ಹಿಂದಕ್ಕೆ ಕಳಿಸಿ. ಅದರ ಸಂದಿನಲ್ಲಿ ಮರಳೇ ಇಳಿದುಹೋಗುತ್ತದೆ.

ಸ್ವೀಡನ್‌ನ ಮಾರ್ಟಿನ್ ಸ್ಟೆರ್ನ್‌ಬರ್ಗ್ ರೂಪಿಸಿದ ಕ್ಯಾಪಿಲರಿ ಕಾಂಕ್ರೀಟ್ ಇನ್ನೊಂದು ದಾರಿ. 2 ಇಂಚಿನ ರಂಧ್ರಮಯ ಕಾಂಕ್ರೀಟ್ ನೀರನ್ನು ಕೆಳಕ್ಕೂ ಬಿಡುತ್ತದೆ, ಒಣಗಿದಾಗ ತೇವವನ್ನು ಮರಳಿನತ್ತ ಮೇಲಕ್ಕೂ ಎಳೆಯುತ್ತದೆ. ಬೇಸಿಗೆಯಲ್ಲಿ ಮರಳು ಹಿಟ್ಟಿನಂತೆ ಸಡಿಲವಾಗುವ ತೊಂದರೆಗೆ ಇದು ಮದ್ದು. ಪದವಿನ ಮಾರ್ಚ್-ಏಪ್ರಿಲ್ ಬಿಸಿಲು ನೋಡಿದರೆ ಈ ಗುಣಕ್ಕೆ ಬೆಲೆ ಇದೆ.

ಆಮದಿಗೆ ಹಣ ಸಾಲದಿದ್ದರೆ ಮರಳಿಲ್ಲದ ಕಾಂಕ್ರೀಟನ್ನು ಸ್ಥಳದಲ್ಲೇ ಮಾಡಬಹುದು. ಒಂದು ಪಾಲು ಸಿಮೆಂಟಿಗೆ ಆರು ಪಾಲು 6–10 ಮಿ.ಮೀ. ಜಲ್ಲಿ, ಚೀಲಕ್ಕೆ 17–18 ಲೀಟರ್ ನೀರು. 100 ಚದರ ಮೀಟರಿಗೆ 50 ಮಿ.ಮೀ. ದಪ್ಪದಲ್ಲಿ 5 ಘನ ಮೀಟರ್ ಜಲ್ಲಿ, ಸುಮಾರು 25 ಚೀಲ ಸಿಮೆಂಟು. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆ ನಿಲ್ಲಬೇಕು, ಕೈಗೆ ರಾಡಿ ಹತ್ತಬಾರದು. ಕೆಡುವುದು ಇಲ್ಲೇ: ಮೇಸ್ತ್ರಿ ಅಭ್ಯಾಸಬಲದಿಂದ ನೀರು ಹೆಚ್ಚು ಹಾಕುತ್ತಾನೆ, ಸಿಮೆಂಟಿನ ಹಾಲು ಕೆಳಗಿಳಿದು ತಳ ಮುಚ್ಚುತ್ತದೆ, ನೀರಿಳಿಯುವ ಲೈನರ್ ಹೋಗಿ ತೊಟ್ಟಿಯಾಗುತ್ತದೆ. ಹಾಸಿದ ಮೇಲೆ ವೈಬ್ರೇಟರ್ ಹಿಡಿಯಬಾರದು, ಹಗುರ ರೋಲರ್ ಸಾಕು. ಏಳು ದಿನ ಪ್ಲಾಸ್ಟಿಕ್ ಹೊದಿಸಿಡಿ. ಕಂಪೆನಿಯ ಸರಕಿನಷ್ಟು ಬಾಗುವ ಗುಣ ಇದಕ್ಕಿಲ್ಲ, ತುಂಬಿಸಿದ ಮಣ್ಣಿನ ಮೇಲೆ ಬಿರುಕು ಬಿಡುತ್ತದೆ. ಅಗೆದ ಗಟ್ಟಿ ಮುರದ ಮೇಲಾದರೆ ನಿಶ್ಚಿಂತೆ. ಗಟ್ಟಿ ಲೈನರ್ ಯಾವುದೇ ಇರಲಿ, ಮರಳು 100 ಮಿ.ಮೀ.ಗಿಂತ ತೆಳ್ಳಗಾಗಲು ಬಿಡಬೇಡಿ. ಕ್ಲಬ್ ತಾಗುತ್ತದೆ.

ಮರಳು

ಕಡಲ ದಂಡೆಯ ಮರಳು ಮನಸ್ಸಿನಿಂದ ತೆಗೆದುಹಾಕಿ. ತೆಗೆಯುವುದು ಕಾನೂನುಬಾಹಿರ, ಉಪ್ಪಿದೆ, ಚಿಪ್ಪಿನ ಚೂರಿದೆ, ಕಾಳು ಉರುಟಾಗಿದೆ. ಉರುಟು ಕಾಳಿನಲ್ಲಿ ಚೆಂಡು ಅರ್ಧ ಹೂತು ಕೂರುತ್ತದೆ, ಬದಿಯಲ್ಲಿ ಮರಳು ನಿಲ್ಲುವುದಿಲ್ಲ. ಹೊಳೆಯ ಮರಳಿಗೆ ನಿರ್ಬಂಧಗಳಿವೆ. ಚೇರ್ತಲದ ಬಿಳಿ ಸಿಲಿಕಾ ನೋಡಲು ಸೊಗಸು, ಆದರೆ ಕೆಂಪು ನೆಲದ ನಡುವೆ ಒಂದು ಮಳೆಗಾಲಕ್ಕೆ ಬಣ್ಣ ಹಿಡಿಯುತ್ತದೆ, ಹಿಡಿದದ್ದು ಬಿಡುವುದಿಲ್ಲ. ಬೂದು ಅಥವಾ ಕೆನೆ ಬಣ್ಣವನ್ನೇ ಆರಿಸುವುದು ಜಾಣತನ.

ಕೊನೆಗೆ ಉಳಿಯುವುದು ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿ ತಯಾರಿಸಿದ ಮರಳು. ಕಾಳಿಗೆ ಕೋನಗಳಿವೆ, ಆದ್ದರಿಂದ ಗಟ್ಟಿಯಾಗಿ ಕೂರುತ್ತದೆ. ಆದರೆ ಕಾಂಕ್ರೀಟಿಗೆ ನಡೆಯುವ ಹುಡಿ ಬಂಕರಿಗೆ ನಡೆಯದು. ಹೆಚ್ಚಿನ ಕಾಳು 0.25ರಿಂದ 1 ಮಿ.ಮೀ. ನಡುವೆ, ಜೇಡಿ-ಹೂಳು ಶೇಕಡಾ 3ರೊಳಗೆ ಇರಬೇಕು. ಕಟ್ಟಡದವರ ಜರಡಿ ಲೆಕ್ಕದಲ್ಲಿ 1.18 ಮಿ.ಮೀ. ಜರಡಿ ದಾಟಿ 300 ಮೈಕ್ರಾನಿನಲ್ಲಿ ನಿಂತದ್ದು ಬೇಕು. 2 ಮಿ.ಮೀ. ದಾಟಿದ ಕಾಳು ಹೊಡೆತದ ಜೊತೆ ಗ್ರೀನ್ ಮೇಲೆ ಹಾರಿ ರೀಲ್ ಮೊವರಿನ ಬ್ಲೇಡ್ ಮೊಂಡು ಮಾಡುತ್ತದೆ. ಎರಡು ಸಲ ತೊಳೆದ ಸರಕನ್ನು ಮತ್ತೊಮ್ಮೆ ಜರಡಿ ಹಿಡಿಸಿ ತರಿಸಿಕೊಳ್ಳಿ. ಲಾರಿ ಬಂದಾಗ ಪರೀಕ್ಷೆ ಸರಳ: ಪಾರದರ್ಶಕ ಬಾಟಲಿಯಲ್ಲಿ ಅರ್ಧ ಮರಳು, ಕತ್ತಿನವರೆಗೆ ನೀರು, ಚಿಟಿಕೆ ಉಪ್ಪು, ಚೆನ್ನಾಗಿ ಕುಲುಕಿ ಮೂರು ಗಂಟೆ ಇಡಿ. 100 ಮಿ.ಮೀ. ಮರಳಿನ ಮೇಲೆ ಕೆಸರಿನ ಪದರ 3 ಮಿ.ಮೀ. ದಾಟಿದರೆ ಇಳಿಸಬೇಡಿ.

100 ಚದರ ಮೀಟರಿಗೆ 125 ಮಿ.ಮೀ. ದಪ್ಪದಲ್ಲಿ ಹನ್ನೆರಡೂವರೆ ಘನ ಮೀಟರ್, ನಮ್ಮ ಲಾರಿಯವರ ಲೆಕ್ಕದಲ್ಲಿ (ನೂರು ಘನ ಅಡಿಗೆ ಒಂದು ಯೂನಿಟ್) ನಾಲ್ಕೂವರೆ ಯೂನಿಟ್. ಕುಸಿಯುವುದಕ್ಕೆ ಶೇಕಡಾ 15 ಸೇರಿಸಿದರೆ ಐದು ಯೂನಿಟ್ ದಾಟುತ್ತದೆ. ಎರಡು ಪದರವಾಗಿ ಹಾಕಿ, ನೀರು ಹಾಯಿಸಿ, ಪ್ಲೇಟ್ ಕಂಪಾಕ್ಟರ್ ಓಡಿಸಿ. ಹೊಸ ಮರಳು ಮೊದಲ ಕೆಲವು ವಾರ ಸಡಿಲವೇ ಇರುತ್ತದೆ. ಅದನ್ನು ನೋಡಿ ಮರಳು ಕೆಟ್ಟದು ಎಂದು ತೀರ್ಮಾನಿಸಬಾರದು.

ನೀರಿನ ದಾರಿ

ಮೊದಲು ಹೊರಗಿನ ಕಣಿ (ಕಾಲುವೆ). ಬಂಕರಿನ ಮೇಲ್ಬದಿಯಲ್ಲಿ 2–3 ಮೀಟರ್ ಆಚೆ, ಮೊವರ್ ಓಡುವಷ್ಟು ಅಗಲವಾಗಿ ತೆಳ್ಳಗೆ ತಗ್ಗಿಸಿದ ಹುಲ್ಲಿನ ಕಣಿ, ಉದ್ದಕ್ಕೆ ಶೇಕಡಾ 2 ಇಳಿಜಾರು. ಬಂಕರಿನ ಬಾಯಿ ಸುತ್ತಲಿನ ನೆಲಕ್ಕಿಂತ 150–200 ಮಿ.ಮೀ. ಎತ್ತರ. ಇಷ್ಟು ಮಾಡಿದರೆ ಮೇಲೆ ಹೇಳಿದ ಐದೂವರೆ ಲೀಟರ್ ಮತ್ತೆ ಒಂದೂವರೆಗೆ ಇಳಿಯುತ್ತದೆ.

ಒಳಗೆ ತಗ್ಗಿನ ಸಾಲಿನಲ್ಲಿ ಮುಖ್ಯ ಪೈಪು, ಅದಕ್ಕೆ ಮೀನಿನ ಮುಳ್ಳಿನ ಕ್ರಮದಲ್ಲಿ 3–4 ಮೀಟರಿಗೊಂದು ಕವಲು. 100 ಚದರ ಮೀಟರಿಗೆ ಒಟ್ಟು ಸುಮಾರು 30 ಮೀಟರ್. ಚರಂಡಿ 200 ಮಿ.ಮೀ. ಅಗಲ, 300 ಮಿ.ಮೀ. ಆಳ, ತಳಕ್ಕೆ 50 ಮಿ.ಮೀ. ಜಲ್ಲಿ, ಅದರ ಮೇಲೆ ತೂತು ಕೆಳಮುಖವಾಗಿ ಪೈಪು, ಮತ್ತೆ ಮೇಲಿನವರೆಗೆ ಜಲ್ಲಿ. ಪೈಪಿಗೆ ಬಟ್ಟೆಯ ಕಾಲುಚೀಲ ತೊಡಿಸಬೇಡಿ, ಮೊದಲು ಕಟ್ಟುವುದು ಅದೇ. ಬಂಕರ್ ದಾಟಿದ ಮೇಲೆ ತೂತಿಲ್ಲದ ಪೈಪು, ಶೇಕಡಾ 2 ಇಳಿಜಾರು, ಬಾಯಿಗೆ ಹೆಗ್ಗಣ ನುಗ್ಗದ ಜಾಲರಿ. ಆ ಬಾಯಿಯನ್ನು ಪದವಿನ ದರೆಯ ಅಂಚಿಗೆ ಎಂದಿಗೂ ಬಿಡಬಾರದು. ಒಂದೇ ಕಡೆ ಸುರಿದ ನೀರು ಕೆಳಗಿನ ಮನೆ-ತೋಟದ ಮೇಲೆ ದರೆ ಜರಿಸುತ್ತದೆ. ಕಲ್ಲು ಕಟ್ಟಿದ ಕಣಿಯಲ್ಲಿ ತೋಡಿನವರೆಗೆ ಒಯ್ಯಲೇಬೇಕು, ಈ ಖರ್ಚು ಅಂದಾಜುಪಟ್ಟಿಯ ಮೊದಲ ಪುಟದಲ್ಲೇ ಇರಬೇಕು.

ಅಗೆತ ಡಿಸೆಂಬರಿನಲ್ಲಿ, ಪೈಪು ಮತ್ತು ಲೈನರ್ ಫೆಬ್ರವರಿಯೊಳಗೆ, ಹುಲ್ಲು ಮಾರ್ಚಿನಲ್ಲಿ ನೆಟ್ಟು ನೀರು ಕೊಡುತ್ತ, ಮರಳು ಏಪ್ರಿಲಿನಲ್ಲಿ. ಪತ್ತನಾಜೆಯ (ಮೇ ಕೊನೆಯ ವಾರದ) ಹೊತ್ತಿಗೆ ಗರಿಕೆ ಬದಿಯನ್ನು ಹಿಡಿದಿರಬೇಕು. ಹಿಡಿದಿರದಿದ್ದರೆ ಆ ವರ್ಷ ಮರಳು ಸುರಿಯದೆ ಟಾರ್ಪಾಲು ಹೊದಿಸಿ ಬಿಡುವುದೇ ಲೇಸು.

ಗುತ್ತಿಗೆ ಕೊಡುವಾಗ ಒಂದು ಷರತ್ತು ಬರಹದಲ್ಲಿರಲಿ. ಲೈನರ್ ಮುಗಿದು ಮರಳು ಬೀಳುವ ಮೊದಲು ಪ್ರತಿ ಬಂಕರಿಗೂ 5,000 ಲೀಟರಿನ ಟ್ಯಾಂಕರ್ ನೀರನ್ನು ಅರ್ಧ ಗಂಟೆಯೊಳಗೆ ಬಿಟ್ಟು ನೋಡಬೇಕು. 100 ಚದರ ಮೀಟರಿನ ಬಂಕರಿಗೆ ಗಂಟೆಗೆ 100 ಮಿ.ಮೀ. ಮಳೆಯ ಸಮ ಅದು. ನೀರು ಎಲ್ಲಿಯೂ ಮಡುಗಟ್ಟದೆ, ಕೊನೆಯ ಹೊರಬಾಯಿಯಲ್ಲಿ ತಿಳಿಯಾಗಿ ಹರಿಯುವುದನ್ನು ಇಬ್ಬರೂ ನಿಂತು ನೋಡಿದ ಮೇಲೆ ಆ ಬಂಕರಿನ ಬಿಲ್ಲಿಗೆ ಸಹಿ ಹಾಕಿ. ಕೆಂಪಾಗಿ ಬಂದರೆ ಜಲ್ಲಿ ತೊಳೆದಿಲ್ಲ, ಅಥವಾ ಚರಂಡಿಯ ಬದಿ ಕುಸಿದಿದೆ. ತಡವಾಗಿ ಬಂದರೆ ಎಲ್ಲೋ ಪೈಪು ಉಬ್ಬಿ ಕುಳಿತಿದೆ. ಎರಡನ್ನೂ ಆಗ ಅಗೆದು ಸರಿ ಮಾಡಲು ಅರ್ಧ ದಿನ ಸಾಕು. ಮರಳು ಬಿದ್ದ ಮೇಲಾದರೆ ಐದು ಯೂನಿಟ್ ಹೊರತೆಗೆಯಬೇಕು.